ಐದು ಸ್ಥಿತಿ, ನಾಲ್ಕು ಕೋಟಿ ಹೆಜ್ಜೆ

ಎಂಜಿನಿಯರಿಂಗ್ ಓದುತ್ತಿರುವ ಓದುಗರೊಬ್ಬರು ಕೇಳಿದ್ದಾರೆ: ‘ಯಾವುದೇ ಪ್ರೋಗ್ರಾಂ ಕೊಟ್ಟರೂ ಅದು ನಿಲ್ಲುತ್ತದೋ, ಸುತ್ತುತ್ತಲೇ ಇರುತ್ತದೋ ಎಂದು ಮುಂದಿನ ಸೂಪರ್‌ಕಂಪ್ಯೂಟರ್‌ಗಳು ಹೇಳಬಲ್ಲವೇ?’

ಇಲ್ಲ. ಎಂದೆಂದಿಗೂ ಇಲ್ಲ. ಹಾಗೆ ಭವಿಷ್ಯ ನುಡಿಯುವ ಪ್ರೋಗ್ರಾಂ ಒಂದಿದೆ ಅನ್ನಿ. ಅದನ್ನೇ ಹೊಟ್ಟೆಯೊಳಗಿಟ್ಟುಕೊಂಡು, ಅದು ‘ನಿಲ್ಲುತ್ತೀ’ ಎಂದರೆ ಸುತ್ತುವ, ‘ಸುತ್ತುತ್ತೀ’ ಎಂದರೆ ನಿಲ್ಲುವ ಇನ್ನೊಂದನ್ನು ಬರೆದರಾಯಿತು, ಭವಿಷ್ಯ ಸುಳ್ಳು! 1936ರಲ್ಲಿ ಆಲನ್ ಟ್ಯೂರಿಂಗ್ ಕಂಡುಕೊಂಡದ್ದರ ತಿರುಳು ಇದೇ. ಇಲ್ಲಿ ವೇಗದ ಪ್ರಶ್ನೆಯೇ ಏಳುವುದಿಲ್ಲ. ಕಂಪ್ಯೂಟರಿಗೆ ಅಸಾಧ್ಯವಾದದ್ದೇ ಇಲ್ಲ ಎಂಬುದು ವಿದ್ಯಾವಂತರ ಮೂಢನಂಬಿಕೆ. ಅದನ್ನು ಬಿಡಲೇಬೇಕು.

ಈ ಅಸಾಧ್ಯವನ್ನು ಕಣ್ಣಾರೆ ಕಾಣಲು 1962ರಲ್ಲಿ ಗಣಿತಜ್ಞ ಟಿಬೋರ್ ರಾಡೊ ಒಂದು ಸ್ಪರ್ಧೆ ಹೂಡಿದರು. ಹೆಸರು ‘ಬ್ಯುಸಿ ಬೀವರ್’. ಬರೀ ಸೊನ್ನೆಗಳ ಉದ್ದನೆಯ ಪಟ್ಟಿಯ ಮೇಲೆ ಪುಟ್ಟ ಟ್ಯೂರಿಂಗ್ ಯಂತ್ರವನ್ನು, ಅಂದರೆ ಕೆಲವೇ ಸ್ಥಿತಿ, ನಿಯಮಗಳ ಕಾಲ್ಪನಿಕ ಕಂಪ್ಯೂಟರನ್ನು, ಬಿಡಿ. ಅದು ಸಾಧ್ಯವಾದಷ್ಟು ಹೆಜ್ಜೆ ಹಾಕಬೇಕು, ಆದರೆ ಕೊನೆಗೆ ನಿಲ್ಲಲೇಬೇಕು. ಎರಡು ಸ್ಥಿತಿಯ ಯಂತ್ರವನ್ನು ನೋಡಿ. ‘ಅ’ ಸ್ಥಿತಿಯಲ್ಲಿ 0 ಕಂಡರೆ 1 ಬರೆದು ಬಲಕ್ಕೆ, 1 ಕಂಡರೆ ಮುಟ್ಟದೆ ಎಡಕ್ಕೆ. ಎರಡರಲ್ಲೂ ಮುಂದೆ ‘ಬ’. ‘ಬ’ದಲ್ಲಿ 0 ಕಂಡರೆ 1 ಬರೆದು ಎಡಕ್ಕೆ ಸರಿದು ಮತ್ತೆ ‘ಅ’. 1 ಕಂಡರೆ ನಿಲುಗಡೆ. ‘ಅ’ದಿಂದ ಹೊರಟರೆ ನಾಲ್ಕು 1 ಬರೆದು ಆರನೇ ಹೆಜ್ಜೆಗೆ ನಿಲ್ಲುತ್ತದೆ. ಎರಡು ಸ್ಥಿತಿಗೆ ಇದೇ ಗರಿಷ್ಠ. ಮೂರಕ್ಕೆ 21, ನಾಲ್ಕಕ್ಕೆ 107. ಐದಕ್ಕೆ? 4,71,76,870!

ಆ ಐದು ಸ್ಥಿತಿಯ ಯಂತ್ರವನ್ನು ಹೈನರ್ ಮಾರ್ಕ್ಸೆನ್ ಮತ್ತು ಯೂರ್ಗೆನ್ ಬುಂಟ್ರಾಕ್ 1989ರಲ್ಲೇ ಹಿಡಿದಿದ್ದರು. ಆದರೆ ಅದನ್ನು ಮೀರಿಸುವ ಇನ್ನೊಂದು ಇಲ್ಲವೆಂದು ಹೇಳುವುದು ಹೇಗೆ? ಇರುವ ಯಂತ್ರಗಳು 16 ಲಕ್ಷ ಕೋಟಿಗೂ ಹೆಚ್ಚು. ಒಂದೇ ರೀತಿಯವನ್ನು ಒಟ್ಟುಗೂಡಿಸಿದರೂ, ಉಳಿದವುಗಳಲ್ಲಿ ನಿಲ್ಲದ ಪ್ರತಿಯೊಂದೂ ಏಕೆ ನಿಲ್ಲುವುದಿಲ್ಲ ಎಂದು ಸಾಧಿಸಬೇಕು. ಜಗತ್ತಿನ ಹಲವೆಡೆಯ ಹವ್ಯಾಸಿಗಳು ಕೂಡಿ 2024ರಲ್ಲಿ ಆ ಕೆಲಸ ಮುಗಿಸಿದರು. ಪುರಾವೆಯ ಸಾಲುಸಾಲನ್ನೂ ‘ಕಾಕ್’ ಎಂಬ ತಂತ್ರಾಂಶ ತಪಾಸಣೆ ಮಾಡಿದೆ. ವಿಶ್ವವಿದ್ಯಾಲಯದ ಹುದ್ದೆಯಿಲ್ಲದವರೂ ಸೇರಿ ಗಳಿಸಿದ ಈ ಗೆಲುವು ನನಗಂತೂ ಹಬ್ಬ.

ಆರು ಸ್ಥಿತಿಯ ಉತ್ತರ ಯಾರಿಗೂ ಗೊತ್ತಿಲ್ಲ. ‘ಆಂಟಿಹೈಡ್ರಾ’ ಎಂಬ ಒಂದೇ ಯಂತ್ರ ನಿಲ್ಲುತ್ತದೆಯೇ ಎಂದು ತಿಳಿಯಲು, ಗಣಿತದಲ್ಲಿ ಇನ್ನೂ ಬಗೆಹರಿಯದ ಕೊಲಾಟ್ಸ್ ಊಹೆಯನ್ನು ಹೋಲುವ ಕಗ್ಗಂಟನ್ನೇ ಬಿಡಿಸಬೇಕು.

ಪ್ರಶ್ನೆ ಕೇಳಿದ ಓದುಗರಿಗೆ ಒಂದು ಮಾತು: ಮೂರು ಸ್ಥಿತಿಯ 21 ಹೆಜ್ಜೆಯ ಯಂತ್ರವನ್ನು ಎಲ್ಲೂ ನೋಡದೆ, ಕಾಗದ, ಪೆನ್ಸಿಲ್ ಹಿಡಿದು ನೀವೇ ಹುಡುಕಿ.