ಡಿಸ್ಕ್ ಬದಲಿಸುವ ಮುನ್ನ ಅಳತೆ ಕೇಳಿ

ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಪೆಡಲ್ ಅಂಗಾಲಿಗೆ ಡಬಡಬ ಬಡಿಯತೊಡಗಿದರೆ ಗ್ಯಾರೇಜಿನಲ್ಲಿ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಡಿಸ್ಕ್ ಬೆಂಡ್ ಆಗಿದೆ ಸಾರ್, ಚೇಂಜ್ ಮಾಡ್ಬೇಕು.’ ಹೊಸ ಡಿಸ್ಕ್ ಬಂದ ಮೇಲೆ ಬಡಿತ ನಿಲ್ಲುವುದೂ ಉಂಟು, ಕೆಲವು ತಿಂಗಳಲ್ಲಿ ಮರಳಿ ಶುರುವಾಗುವುದೂ ಉಂಟು. ಅಳೆಯದೆ ಕೊಡುವ ಈ ತೀರ್ಪನ್ನು ಭದ್ರಾವತಿಯಂಥ ಊರಿನಲ್ಲಾದರೂ ಸುಲಭಕ್ಕೆ ಒಪ್ಪಬಾರದು. 1918ರಲ್ಲಿ ಮೈಸೂರು ಸಂಸ್ಥಾನ ಕೈಗೆತ್ತಿಕೊಂಡ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕುಲುಮೆ ಹೊತ್ತಿಸಿ, ಕಾಡಿನ ಸೌದೆಯ ಇದ್ದಿಲಿನಿಂದ ಬೀಡುಕಬ್ಬಿಣ ಇಳಿಸಿದ ಊರು ಇದು. ಜನ್ನಾಪುರ, ನ್ಯೂಟೌನ್ ಕಡೆಯ ಎಷ್ಟೋ ಮನೆಗಳಿಗೆ ಲೇತ್, ಎರಕ, ಮೈಕ್ರೋಮೀಟರ್ ಎಂಬ ಮಾತುಗಳು ಹೊಸವಲ್ಲ. ಶಿವಮೊಗ್ಗದ ದಾರಿಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಎರಕದ ಕೆಲಸ ಇವತ್ತಿಗೂ ನಡೆಯುತ್ತಿದೆ. ಕಾರಿನ ಬ್ರೇಕ್ ಡಿಸ್ಕ್ ಕೂಡ ಬೀಡೇ. ಅದರ ರೋಗ ಪತ್ತೆ ಹಚ್ಚುವುದು ಮೂಲತಃ ಲೇತ್ ಕೆಲಸಗಾರನ ವಿದ್ಯೆ.

ಡಿಸ್ಕಿಗೆ ಬೀಡನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಅದರೊಳಗೆ ಶೇಕಡ ಮೂರಕ್ಕೂ ಹೆಚ್ಚು ಇಂಗಾಲವಿದ್ದು, ಬಹುಪಾಲು ಗ್ರಾಫೈಟ್ ಪದರುಗಳಾಗಿ ಹರಡಿಕೊಂಡಿರುತ್ತದೆ. ಈ ಪದರುಗಳು ಶಾಖವನ್ನು ಬೇಗ ಸಾಗಿಸುತ್ತವೆ, ಕಂಪನವನ್ನು ನುಂಗುತ್ತವೆ. ಇಂಥ ಲೋಹ ಊರೊಳಗಿನ ಓಡಾಟದ ಬಿಸಿಗೆ ತಟ್ಟೆಯಂತೆ ಸೊಟ್ಟಗಾಗುತ್ತದೆ ಎನ್ನುವುದು ನಂಬಲು ಕಷ್ಟ. ಪೆಡಲ್ ಬಡಿಯಲು ಸಾಮಾನ್ಯ ಕಾರಣ ಡಿಸ್ಕಿನ ದಪ್ಪ ಎಲ್ಲ ಕಡೆ ಒಂದೇ ಸಮ ಇಲ್ಲದಿರುವುದು. ದಪ್ಪಗಿನ ಭಾಗ ಪ್ಯಾಡುಗಳ ನಡುವೆ ಬಂದಾಗ ಕ್ಯಾಲಿಪರ್ ಪಿಸ್ಟನ್ ಹಿಂದಕ್ಕೆ ಸರಿಯುತ್ತದೆ. ಬ್ರೇಕ್ ಆಯಿಲ್ ಕುಗ್ಗುವ ವಸ್ತುವಲ್ಲವಾದ್ದರಿಂದ ಆ ತಳ್ಳಾಟ ನೇರ ಪೆಡಲಿಗೆ ಬರುತ್ತದೆ. ಚಿಕ್ಕ ಕಾರಿನ ಚಕ್ರದ ಸುತ್ತಳತೆ 1.8 ಮೀಟರ್ ಎಂದುಕೊಂಡರೆ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಇದು ಸೆಕೆಂಡಿಗೆ ಹನ್ನೆರಡು ಸಲ. ವೇಗ ಇಳಿದಂತೆ ಬಡಿತವೂ ನಿಧಾನವಾಗುತ್ತದೆ. 0.02 ಮಿ.ಮೀ. ಆಸುಪಾಸಿನ ವ್ಯತ್ಯಾಸವೇ ಕಾಲಿಗೆ ಗೊತ್ತಾಗಲು ಸಾಕು, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಬರಿಗಣ್ಣಿನಲ್ಲಿ ನೋಡಿ, ಬೆರಳಾಡಿಸಿ ‘ಬೆಂಡ್’ ಎಂದವರು ಊಹೆ ಹೇಳಿದ್ದಾರೆ ಅಷ್ಟೆ.

ದಪ್ಪ ಏರುಪೇರಾಗುವುದಾದರೂ ಹೇಗೆ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಈ ಸೀಮೆಯಲ್ಲಿ ಮೊದಲು ಅನುಮಾನಿಸಬೇಕಾದದ್ದು ತುಕ್ಕನ್ನು. ಡಿಸ್ಕ್ ಕೂರುವ ಹಬ್ಬಿನ ಮುಖದಲ್ಲಿ ತುಕ್ಕಿನ ಚಕ್ಕೆ ಕಟ್ಟಿದ್ದರೆ, ಡಿಸ್ಕ್ ಎಷ್ಟೇ ನೇರವಾಗಿದ್ದರೂ ಕೂರುವುದು ಓರೆಯಾಗಿಯೇ. ಹಬ್ಬಿನ ಬಳಿಯ ಸಣ್ಣ ಓರೆ ಡಿಸ್ಕಿನ ಅಂಚಿಗೆ ಹೋಗುವಾಗ ಇನ್ನಷ್ಟು ಹಿಗ್ಗುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಏರ್ ಗನ್ ಹಿಡಿದು ಒಂದು ನಟ್ಟನ್ನು ಬಿಗಿಯಾಗಿ, ಇನ್ನೊಂದನ್ನು ಸಡಿಲವಾಗಿ ತಿರುಗಿಸಿದರೂ ಫಲ ಇದೇ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ, ಏಕೆಂದರೆ ದಪ್ಪ ಇನ್ನೂ ಸಮವಾಗಿಯೇ ಇದೆ. ಆದರೆ ಬ್ರೇಕ್ ಒತ್ತದಿದ್ದಾಗಲೂ ಓರೆಯ ಭಾಗ ಪ್ರತಿ ಸುತ್ತಿನಲ್ಲಿ ಪ್ಯಾಡಿಗೆ ಸವರಿ ಸವರಿ ತೆಳ್ಳಗಾಗುತ್ತದೆ. ಕೆಲವು ಸಾವಿರ ಕಿ.ಮೀ. ಓಡಿದ ಮೇಲೆ ಬಡಿತ ಶುರು. ಅಷ್ಟು ಹೊತ್ತಿಗೆ ನಟ್ ಬಿಗಿದವನ ನೆನಪು ಯಾರಿಗಿರುತ್ತದೆ? ಬೈಗುಳವೆಲ್ಲ ಡಿಸ್ಕಿಗೆ.

ಬಲ್ಲ ಕೆಲಸಗಾರ ಚಕ್ರ ಬಿಚ್ಚಿ, ನಟ್ಟುಗಳಿಂದಲೇ ಡಿಸ್ಕನ್ನು ಹಬ್ಬಿಗೆ ಬಿಗಿದು, ಡಯಲ್ ಗೇಜಿನ ಮೊನೆಯನ್ನು ಡಿಸ್ಕಿನ ಹೊರ ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ ಇಡುತ್ತಾನೆ. ಕೈಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿದಾಗ ಮುಳ್ಳು ಹೊಯ್ದಾಡಿದ್ದೇ ಓಲಾಟ. ಹೆಚ್ಚಿನ ಕಾರುಗಳಿಗೆ ಕಂಪನಿ ಒಪ್ಪುವ ಮಿತಿ 0.05ರಿಂದ 0.10 ಮಿ.ಮೀ. ಒಳಗಿರುತ್ತದೆ. ಮಿತಿ ದಾಟಿದ್ದರೆ ಡಿಸ್ಕ್ ಕಳಚಿ, ಹಬ್ಬನ್ನು ವೈರ್ ಬ್ರಶ್ಶಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಡಿಸ್ಕನ್ನು ಒಂದು ತೂತಿನಷ್ಟು ತಿರುಗಿಸಿ ಕೂರಿಸಿ ಮತ್ತೆ ಅಳೆಯುತ್ತಾನೆ. ಇಷ್ಟಕ್ಕೇ ಓಲಾಟ ಇಳಿಯುವುದುಂಟು. ಆಮೇಲೆ ಮೈಕ್ರೋಮೀಟರಿನಲ್ಲಿ ಸುತ್ತಲೂ ಎಂಟು ಕಡೆ ದಪ್ಪ ನೋಡುತ್ತಾನೆ. ಅದು ಏರುಪೇರಾಗಿದ್ದರಷ್ಟೇ ಲೇತಿನ ಕೆಲಸ.

ಇಷ್ಟೆಲ್ಲ ತಾಪತ್ರಯ ಯಾಕೆ, ಹೊಸ ಡಿಸ್ಕೇ ಹಾಕಿದರಾಯಿತಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಲೇತಿಗೆ ಕೊಟ್ಟರೆ ಡಿಸ್ಕ್ ತೆಳ್ಳಗಾಗುತ್ತದೆ, ತೆಳ್ಳಗಾದದ್ದು ಬೇಗ ಕಾಯುತ್ತದೆ. ಹೆಚ್ಚಿನ ಡಿಸ್ಕುಗಳ ಮೇಲೆ ಕನಿಷ್ಠ ದಪ್ಪ ಕೆತ್ತಿರುತ್ತದೆ. ಸವರಿದ ಮೇಲೆ ಅದಕ್ಕಿಂತ ಕೆಳಗಿಳಿಯುವಂತಿದ್ದರೆ ಅಥವಾ ಬಿರುಕು ಕಂಡರೆ ಹೊಸದೇ ಸರಿ, ಅದರಲ್ಲಿ ಚೌಕಾಸಿ ಬೇಡ. ಆದರೆ ತುಕ್ಕು ಹಿಡಿದ ಹಬ್ಬಿನ ಮೇಲೆ ಹೊಸ ಡಿಸ್ಕ್ ಕೂರಿಸಿದರೂ ಅದು ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಹಾಗಾಗಿ ಅಳತೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಬಿಸಿಗೆ ಏನೂ ಆಗುವುದಿಲ್ಲವೇ ಎಂದರೆ, ಆಗುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಟಾಪ್ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದು, ಕೆಳಗೆ ಪೆಡಲ್ ಬಿಡದೆ ನಿಂತರೆ, ಕಾದ ಪ್ಯಾಡಿನ ವಸ್ತು ಡಿಸ್ಕಿಗೆ ಒಂದೇ ಕಡೆ ಅಂಟಿಕೊಳ್ಳಬಹುದು. ಆ ಜಾಗ ಮತ್ತೆ ಮತ್ತೆ ವಿಪರೀತ ಕಾದರೆ ಬೀಡಿನ ಒಳರಚನೆಯೇ ಬದಲಾಗಿ ಗಡುಸು ಕಲೆ ಬೀಳುತ್ತದೆ. ಅಂಥ ಕಲೆ ಆಳಕ್ಕಿಳಿದಿದ್ದರೆ ಲೇತಿನಿಂದ ಬಂದ ಡಿಸ್ಕೂ ಹೆಚ್ಚು ದಿನ ಬಾಳುವುದಿಲ್ಲ. ಇದಕ್ಕೆ ಮದ್ದು ಇಳಿಯುವಾಗ ಎರಡನೇ ಗೇರು.

ಎಲ್ಲ ಬಡಿತವೂ ಡಿಸ್ಕಿನದಲ್ಲ. ಜಾರುವ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಮಾತ್ರ ಪೆಡಲ್ ಪಟಪಟ ಅಂದರೆ ಅದು ಎಬಿಎಸ್ ತನ್ನ ಕೆಲಸ ಮಾಡುತ್ತಿರುವ ಲಕ್ಷಣ. ಹಿಂದಿನ ಡ್ರಮ್ ದುಂಡಗೆ ಉಳಿಯದಿದ್ದರೂ ಪೆಡಲ್ ಬಡಿಯುತ್ತದೆ. ಖಾಲಿ ರಸ್ತೆಯಲ್ಲಿ, ಕಡಿಮೆ ವೇಗದಲ್ಲಿ, ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಹಿಡಿದುಕೊಂಡೇ ಮೆಲ್ಲಗೆ ಎಳೆದಾಗ ಅದೇ ನಡುಕ ಬಂದರೆ ದೋಷ ಹಿಂದಿನ ಚಕ್ರದಲ್ಲಿದೆ. ಮುಂದಿನ ಸಲ ಯಾರಾದರೂ ‘ಡಿಸ್ಕ್ ಬೆಂಡ್’ ಎಂದಾಗ ಓಲಾಟ ಎಷ್ಟು, ದಪ್ಪದ ವ್ಯತ್ಯಾಸ ಎಷ್ಟು ಎಂದು ಎರಡು ಅಂಕಿ ಕೇಳಿ. ಅಂಕಿ ಹೇಳುವವರ ಕೈಗೇ ಗಾಡಿ ಕೊಡಿ. ಚಕ್ರ ಹಾಕುವಾಗ ನಟ್ಟುಗಳನ್ನು ಎದುರುಬದುರಾಗಿ, ಟಾರ್ಕ್ ರೆಂಚಿನಲ್ಲೇ ಬಿಗಿಯಲು ಹೇಳಿ.