ನನ್ನ ಟೇಪು, ಮಗನ ತೋಳು

20 ವರ್ಷದಿಂದ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದೇನೆ. ಹೊಲಿಗೆ ಡಬ್ಬಿಯಿಂದ ಸೂಜಿ ಕಾಣೆಯಾದರೂ ನನಗೆ ಗೊತ್ತಾಗುತ್ತದೆ. ಕಳೆದ ವರ್ಷ ಅಳತೆ ಟೇಪು ಪದೇಪದೇ ಮಾಯವಾಗತೊಡಗಿತು. ಒಂದು ದಿನ ನೋಡಿದರೆ, ಬಿ.ಕಾಂ. ಓದುವ 19ರ ಮಗ ಕನ್ನಡಿ ಮುಂದೆ ನಿಂತು ಅದನ್ನು ತೋಳಿಗೆ ಸುತ್ತಿಕೊಂಡಿದ್ದಾನೆ. ಮುಖ ಸಪ್ಪಗಿತ್ತು.

"ಜಿಮ್‌ಗೆ ಸೇರಿ ಎಂಟು ತಿಂಗಳಾಯ್ತಮ್ಮಾ, ಬರೀ ಒಂದಿಂಚು ಬಂದಿದೆ. ನನ್ ಬಾಡಿನೇ ಸರಿ ಇಲ್ಲ" ಅಂದ.

ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ಹದಿನೈದು ದಿನ ಕಳೆದ ಮೇಲೆ, ಒಗೆಯಲು ಹಾಕಿದ ಅವನ ಪ್ಯಾಂಟಿನ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಯಾವುದೋ ಇಂಜೆಕ್ಷನ್ ಹೆಸರು, ವಾರಕ್ಕೆ ಎಷ್ಟು ಎಂಬ ಲೆಕ್ಕ, ಕೆಳಗೆ ದುಡ್ಡಿನ ಮೊತ್ತ. ಜಿಮ್‌ನಲ್ಲಿ ಪರಿಚಯವಾದವರೊಬ್ಬರು ಬರೆದುಕೊಟ್ಟಿದ್ದರಂತೆ. "ಮೂರು ತಿಂಗಳ ಕೋರ್ಸು, ಆಮೇಲೆ ನೋಡು" ಅಂದಿದ್ದರಂತೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೈದರೆ ಕದ್ದು ತಗೊಳ್ತಾನೆ, ಸುಮ್ಮನಿದ್ದರೂ ತಗೊಳ್ತಾನೆ. ಕೊನೆಗೆ ಫಿಸಿಯೋಥೆರಪಿ ಓದಿರುವ ಅಕ್ಕನ ಮಗಳನ್ನು ಭಾನುವಾರ ಊಟಕ್ಕೆ ಕರೆದೆ.

ಒಳಗೇ ಇರುವ ಬ್ರೇಕು

ಅವಳು ಉಪದೇಶ ಮಾಡಲಿಲ್ಲ. ಸ್ನಾಯು ಹೇಗೆ ಬೆಳೆಯುತ್ತದೆ ಅಂತ ಶುರು ಮಾಡಿದಳು. ಭಾರ ಎತ್ತಿದಾಗ ಸ್ನಾಯುವಿಗೆ 'ನೀನು ಸಾಲದು' ಎಂಬ ಸುದ್ದಿ ಹೋಗುತ್ತದೆ. ಊಟದ ಪ್ರೋಟೀನು ಮತ್ತು ನಿದ್ದೆಯಿಂದ ಅದು ದಪ್ಪವಾಗುತ್ತದೆ. ಆದರೆ 'ಸಾಕು, ನಿಲ್ಲು' ಎನ್ನುವ ವಸ್ತುವೂ ದೇಹದಲ್ಲೇ ಇದೆ. ಅದರ ಹೆಸರು ಮಯೋಸ್ಟ್ಯಾಟಿನ್. 1997ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಇದರ ಜೀನನ್ನು ತೆಗೆದು ನೋಡಿದಾಗ ಸ್ನಾಯುಗಳು ಎರಡು ಮೂರು ಪಟ್ಟು ಬೆಳೆದವು. ಬೆಲ್ಜಿಯನ್ ಬ್ಲೂ ಎಂಬ ದನದ ತಳಿಯಲ್ಲಿ ಈ ಜೀನು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಅದಕ್ಕೇ ಆ ದನಗಳು ಕುಸ್ತಿ ಪೈಲ್ವಾನರಂತೆ ಕಾಣುತ್ತವೆ.

"ನಮಗೆಲ್ಲ ಆ ಬ್ರೇಕು ಇದೆ ಕಣೋ. ಒಬ್ಬೊಬ್ಬರಿಗೆ ಒಂದೊಂದು ಕಡೆ ಹಿಡಿಯುತ್ತೆ. ಮೂಳೆ ಎಷ್ಟು ದಪ್ಪ, ಹಾರ್ಮೋನು ಎಷ್ಟು, ಇದೆಲ್ಲ ಬಹುಪಾಲು ಅಪ್ಪ ಅಮ್ಮನಿಂದ ಬಂದಿದ್ದು. ನಿನ್ನ ಮಣಿಕಟ್ಟು ನೋಡು, ಥೇಟ್ ಚಿಕ್ಕಮ್ಮಂದೇ!"

ನನಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಒಂದೇ ಎತ್ತರ, ಒಂದೇ ತೂಕದ ಇಬ್ಬರಿಗೆ ಒಂದೇ ಅಳತೆಯ ರವಿಕೆ ಆಗುವುದಿಲ್ಲ. ಬಟ್ಟೆಯೊಳಗೆ ಎಷ್ಟು ಮಡಿಸಿ ಬಿಟ್ಟಿದೆಯೋ ಅಷ್ಟನ್ನೇ ಬಿಚ್ಚಿ ದೊಡ್ಡದು ಮಾಡಬಹುದು.

ಮಗನ ಲೆಕ್ಕ

ಒಂದು ಅಂದಾಜು ಲೆಕ್ಕವನ್ನೂ ಅವಳು ಹೇಳಿಕೊಟ್ಟಳು. ಕೊಬ್ಬು ಬಿಟ್ಟು ಉಳಿದ ತೂಕವನ್ನು, ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. 1995ರ ಒಂದು ಅಮೆರಿಕನ್ ಅಧ್ಯಯನದಲ್ಲಿ ಸ್ಟೀರಾಯ್ಡ್ ಮುಟ್ಟದ ಕ್ರೀಡಾಪಟುಗಳ ಸಂಖ್ಯೆ ಹೆಚ್ಚೆಂದರೆ 25ರ ಹತ್ತಿರ ನಿಂತಿತ್ತು. ತಗೊಂಡವರಲ್ಲಿ ಅನೇಕರು ಅದನ್ನು ದಾಟಿದ್ದರು. 25 ಎನ್ನುವುದು ಗೆರೆ ಕೊಯ್ದ ಗಡಿಯಲ್ಲ. ಹಾಗೇ, ಎಲ್ಲರೂ ಅಲ್ಲಿಗೆ ಮುಟ್ಟುವುದೂ ಇಲ್ಲ.

ಮಗನ ಎತ್ತರ 170 ಸೆಂ.ಮೀ., ತೂಕ 64 ಕೆಜಿ. ಕೊಬ್ಬು 10 ಕೆಜಿ ಅಂತ ಹಿಡಿದರೆ ಅವನ ಸಂಖ್ಯೆ ಸುಮಾರು 19.

"ಎಂಟು ತಿಂಗಳಿಗೇ ಮುಗೀತು ಅಂತೀಯಲ್ಲ, ನೀನಿನ್ನೂ ಬಾಗಿಲಲ್ಲಿದ್ದೀಯ! ಮೊದಲ ವರ್ಷ ಬೇಗ ಬರುತ್ತೆ, ಆಮೇಲೆ ವರ್ಷ ವರ್ಷಕ್ಕೂ ನಿಧಾನ ಆಗ್ತಾ ಹೋಗುತ್ತೆ. ಎಲ್ಲರಿಗೂ ಹಾಗೇನೇ."

ಕಷ್ಟದ ಪ್ರಶ್ನೆ

ಮಗನೂ ಬಿಡಲಿಲ್ಲ. "ಇಂಜೆಕ್ಷನ್ ಕೆಲಸ ಮಾಡುತ್ತೆ ತಾನೇ ಅಕ್ಕಾ?" ಎಂದು ಕೇಳಿದ. ಅವಳು ಸುಳ್ಳು ಹೇಳುತ್ತಾಳೇನೋ ಅಂದುಕೊಂಡೆ. ಹೇಳಲಿಲ್ಲ.

"ಮಾಡುತ್ತೆ. 1996ರಲ್ಲಿ 43 ಗಂಡಸರ ಮೇಲೆ ಹತ್ತು ವಾರ ಪರೀಕ್ಷೆ ಮಾಡಿದ್ರು. ಬರೀ ವ್ಯಾಯಾಮ ಮಾಡಿದವರಿಗೆ ಕೊಬ್ಬಿಲ್ಲದ ತೂಕ ಸುಮಾರು 2 ಕೆಜಿ ಏರಿತು. ವ್ಯಾಯಾಮ ಮಾಡದೆ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡವರಿಗೆ 3 ಕೆಜಿ. ಎರಡೂ ಸೇರಿದಾಗ 6."

ನನ್ನ ಎದೆ ಧಸಕ್ಕೆಂದಿತು. ಅವಳು ಮುಂದುವರಿಸಿದಳು: "ಅದಕ್ಕೇ ಹೇಳೋದು, ಮೊಬೈಲಲ್ಲಿ ನೋಡಿದವರ ತೋಳಿಗೆ ನಿನ್ನ ತೋಳು ಹೋಲಿಸಬೇಡ. ಅವರು ಏನು ತಗೊಂಡಿದ್ದಾರೋ ನಿನಗೆ ಗೊತ್ತಿಲ್ಲ. ಹೊರಗಿಂದ ಹಾರ್ಮೋನು ಬಂದ್ರೆ ನಿನ್ನ ದೇಹ ತನ್ನದನ್ನು ಮಾಡೋದು ನಿಲ್ಲಿಸುತ್ತೆ. ವೃಷಣ ಕುಗ್ಗುತ್ತೆ, ವೀರ್ಯಾಣು ಕಡಿಮೆಯಾಗುತ್ತೆ, ಕೆಲವರಿಗೆ ಎದೆ ಹೆಂಗಸರ ಥರ ಬೆಳೆಯುತ್ತೆ. ಹೃದಯಕ್ಕೂ ಪೆಟ್ಟು. ಕೋರ್ಸು ಬಿಟ್ಟ ಮೇಲೆ ಮೊದಲಿನಂತಾಗಲು ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕು. ಬಂದ ಸ್ನಾಯುವೂ ಕರಗ್ತಾ ಹೋಗುತ್ತೆ. ಅದನ್ನ ಉಳಿಸ್ಕೊಳ್ಳೋಕೆ ಇನ್ನೊಂದು ಕೋರ್ಸು."

ಮಗ ಏನೂ ಮಾತಾಡಲಿಲ್ಲ. ಚೀಟಿಯನ್ನು ಅವನೆದುರಿಗೇ ಮೇಜಿನ ಮೇಲಿಟ್ಟೆ. "ಹರಿಯೋದು ಬಿಡೋದು ನಿನಗೆ ಬಿಟ್ಟಿದ್ದು. ಆದ್ರೆ ಅವತ್ತು ನಾನು ನಕ್ಕಿದ್ದು ತಪ್ಪು" ಅಂದೆ. ಅವನು ಅಂದೇ ಹರಿಯಲಿಲ್ಲ. ಬುಧವಾರ ಕಸದ ಬುಟ್ಟಿಯಲ್ಲಿ ಚೂರುಗಳು ಕಂಡವು.

ಈಗ ನಮ್ಮ ಮನೆಯಲ್ಲಿ

ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 1.6 ಗ್ರಾಂ ಪ್ರೋಟೀನು ಸಾಕು, ಅದಕ್ಕಿಂತ ಹೆಚ್ಚು ತಿಂದರೆ ವಿಶೇಷ ಲಾಭವಿಲ್ಲ ಅಂತ ಅಕ್ಕನ ಮಗಳು ಹೇಳಿದ್ದಳು. ಅಂದರೆ ಮಗನಿಗೆ ಸುಮಾರು 100 ಗ್ರಾಂ. ಮೊಟ್ಟೆ, ಹಾಲು, ಮೊಸರು, ಹುರುಳಿಕಾಳಿನ ಉಸಲಿ, ಕಡಲೆಬೀಜ, ವಾರಕ್ಕೆರಡು ಸಲ ಕೋಳಿ. ದುಬಾರಿ ಡಬ್ಬಿ ತರಿಸಿಲ್ಲ. ರಾತ್ರಿ ಹನ್ನೊಂದಕ್ಕೆ ಮೊಬೈಲು ಅಡುಗೆಮನೆಯಲ್ಲಿ, ಅವನು ಹಾಸಿಗೆಯಲ್ಲಿ. ಇದೊಂದಕ್ಕೆ ಮಾತ್ರ ದಿನಾ ಜಗಳ.

ಟೇಪು ಈಗ ತಿಂಗಳಿಗೊಮ್ಮೆ ಮಾತ್ರ. ನಾನೇ ಹಿಡಿಯುತ್ತೇನೆ. ಅವನು ಹಿಡಿದರೆ ಬಿಗಿಯಾಗಿ ಎಳೆಯುತ್ತಾನೋ ಸಡಿಲ ಬಿಡುತ್ತಾನೋ ಅಂತ ನಂಬಿಕೆಯಿಲ್ಲ! ಆರು ತಿಂಗಳಲ್ಲಿ ಇನ್ನೂ ಅರ್ಧ ಇಂಚು ಬಂದಿದೆ. "ನಿಧಾನ ಕಣಮ್ಮಾ, ಆದ್ರೆ ನಂದೇ" ಅಂದ ಮೊನ್ನೆ.

ನಿಮ್ಮ ಮನೆಯಲ್ಲೂ ಹುಡುಗ ಕನ್ನಡಿ ಮುಂದೆ ತೋಳು ಅಳೆಯುತ್ತಿದ್ದರೆ ದಯವಿಟ್ಟು ನಗಬೇಡಿ. ಪಕ್ಕದಲ್ಲಿ ಕೂತು ಎಷ್ಟಾಯ್ತು ಅಂತ ಕೇಳಿ. ಯಾರು ಏನು ಬರೆದುಕೊಟ್ಟಿದ್ದಾರೆ ಅನ್ನುವುದೂ ಆಗ ತಾನಾಗೇ ಹೊರಬರುತ್ತದೆ.