ಕೋವಿಗೆ ದುರ್ಬೀನು: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಭಾಗದ ನಮ್ಮ ಸದಸ್ಯರು ಈಚೆಗೆ ಒಂದೇ ಬಗೆಯ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಬಾವಿ, ಕಾಲುವೆಗಳ ಆಸರೆಯಲ್ಲಿ ಅಡಿಕೆ ಸಸಿ ಹಚ್ಚಿದವರಿಗೂ ಪಕ್ಕದಲ್ಲಿ ಕಬ್ಬು, ಗೋವಿನಜೋಳ ಬೆಳೆದವರಿಗೂ ಕಾಡುಹಂದಿಯ ಕಾಟ ತಪ್ಪಿಲ್ಲ. “ಮನೆಯಲ್ಲಿ ಕೋವಿ ಇದೆ, ಅದಕ್ಕೊಂದು ದುರ್ಬೀನು ಹಾಕಿಸಿದರೆ ಹೇಗೆ? ಯಾವುದನ್ನು ತೆಗೆದುಕೊಳ್ಳಬೇಕು?” ಎಂಬುದು ಅವರ ಪ್ರಶ್ನೆ. ಮಕ್ಕಳು ಗುರಿ ಹೊಡೆಯುವ ಸ್ಪರ್ಧೆಗೆ ಹೊರಟಿದ್ದಾರೆಂದು ಕೇಳಿದವರೂ ಇದ್ದಾರೆ. ಮಲೆನಾಡಿನ ಕಾಫಿ ಬೆಳೆಗಾರ ಸದಸ್ಯರಿಗೂ ಇದು ಉಪಯೋಗವಾದೀತೆಂದು ಎಲ್ಲರಿಗೂ ಒಟ್ಟಾಗಿ ಇಲ್ಲಿ ಉತ್ತರಿಸುತ್ತಿದ್ದೇವೆ.

ಈ ನಾಡಿಗೆ ಗುರಿಕಾರಿಕೆ ಹೊಸದಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಗುಂಡೇಟಿಗೆ ಬಿದ್ದನು. ಆ ಗುಂಡು ಹಾರಿಸಿದವನು ರಾಣಿ ಚೆನ್ನಮ್ಮನ ಬಂಟ, ಬೈಲಹೊಂಗಲ ಸೀಮೆಯ ಅಮಟೂರು ಬಾಳಪ್ಪ. ಅವನ ಬಂದೂಕಿಗೆ ದುರ್ಬೀನು ಇರಲಿಲ್ಲ. ತನ್ನ ಬಂದೂಕು ಎಷ್ಟು ದೂರಕ್ಕೆ ನೆಟ್ಟಗೆ ಹೊಡೆಯುತ್ತದೆ ಮತ್ತು ಎದುರಿಗೆ ಇರುವುದು ಯಾರು ಎಂಬ ಎರಡು ಸಂಗತಿಗಳು ಅವನಿಗೆ ಖಚಿತವಾಗಿ ತಿಳಿದಿದ್ದವು. ಈ ಲೇಖನದ ಸಾರವೂ ಇಷ್ಟೇ. ದುರ್ಬೀನು ಕಣ್ಣಿಗೆ ಸಹಾಯ ಮಾಡುತ್ತದೆಯೇ ಹೊರತು ನಳಿಗೆಯನ್ನು ಸುಧಾರಿಸುವುದಿಲ್ಲ, ಬುದ್ಧಿಯನ್ನಂತೂ ಕೊಡುವುದಿಲ್ಲ.

ಮೊದಲು ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಷೋಕಿಯ ಬೇಟೆಗೆ ಅವಕಾಶವಿಲ್ಲ. ಜಿಂಕೆ, ಕೃಷ್ಣಮೃಗ, ನವಿಲು, ಮೊಲ ಯಾವುದನ್ನೂ ಹೊಡೆಯುವಂತಿಲ್ಲ. ಕಾಡುಹಂದಿಯೂ ಈ ಕಾಯಿದೆಗೆ ಒಳಪಟ್ಟ ಪ್ರಾಣಿ. 2022ರ ತಿದ್ದುಪಡಿಯ ನಂತರ ಅದು ಎರಡನೆಯ ಅನುಸೂಚಿಯಲ್ಲಿದೆ. ಹಂದಿ ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯಕಾರಿಯಾದಾಗ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾಯಿದೆಯ 11ನೆಯ ಕಲಮಿನಂತೆ ಬರಹದ ಆದೇಶ ನೀಡಬಹುದು. ಆ ಆದೇಶ ಕೈಯಲ್ಲಿಲ್ಲದೆ ಹಾರಿಸಿದ ಗುಂಡು ಅಪರಾಧವೇ.

ಬೆಳೆ ರಕ್ಷಣೆಗೆಂದು ಕೋವಿಯ ಪರವಾನಗಿ ಸಿಕ್ಕಿದ ಮಾತ್ರಕ್ಕೆ ಪ್ರಾಣಿ ಕೊಲ್ಲುವ ಅನುಮತಿ ಸಿಕ್ಕಿತೆಂದು ಅನೇಕರು ತಿಳಿದಿದ್ದಾರೆ. ಇದು ತಪ್ಪು. ಕೋವಿಯ ಪರವಾನಗಿ 1959ರ ಆಯುಧ ಕಾಯಿದೆಗೆ ಸೇರಿದ್ದು, ಪ್ರಾಣಿಯ ವಿಷಯ ಅರಣ್ಯ ಇಲಾಖೆಗೆ ಸೇರಿದ್ದು, ಎರಡೂ ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಪರವಾನಗಿಯಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಲಾಗಿದೆ. ಅದು ಕೂಡ ಬೇಟೆಗೆ ಕೊಟ್ಟ ವಿನಾಯಿತಿಯಲ್ಲ. ಗಾಳಿಕೋವಿಯಿಂದ ಹಕ್ಕಿ ಹೊಡೆಯುವ ಹುಡುಗರಿಗೂ ಮನೆಯ ಹಿರಿಯರು ಈ ಮಾತನ್ನು ತಿಳಿಸತಕ್ಕದ್ದು.

ಸದ್ದಡಗಿಸುವ ಸಾಧನವನ್ನು ಕೋವಿಗೆ ಜೋಡಿಸುವುದು ನಿಷಿದ್ಧ. ರಾತ್ರಿ ಕಾಣುವ ಉಪಕರಣ, ಪರದೇಶದಿಂದ ತರಿಸುವ ಸಾಮಾನು ಇವುಗಳ ಬಗ್ಗೆ ಅಂಗಡಿಯವನ ಮಾತನ್ನು ನಂಬಿ ಹಣ ಕೊಡಬಾರದು. ಪರವಾನಗಿ ಕೊಡುವ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಮೊದಲು ಬರಹದ ಮೂಲಕ ವಿಚಾರಿಸಿಕೊಳ್ಳಿರಿ.

ನಿಮ್ಮ ಕೋವಿ ಯಾವುದು?

ನಮ್ಮ ಬಹುತೇಕ ಸದಸ್ಯರ ಮನೆಗಳಲ್ಲಿ ಇರುವುದು ಕೇಪಿನ ಕೋವಿ, ಇಲ್ಲವೆ ಒಂಟಿನಳಿಗೆ ಅಥವಾ ಜೋಡುನಳಿಗೆಯ 12 ಬೋರಿನ ತೋಟಾ ಕೋವಿ. ಇವುಗಳ ನಳಿಗೆ ಒಳಗೆ ನುಣುಪಾಗಿರುತ್ತದೆ. ಚರೆ ಹಾರಿಸುವ ಇಂಥ ಕೋವಿಯ ಪರಿಣಾಮ 35-40 ಗಜಗಳಿಗೆ ಮುಗಿಯಿತು. ಆಮೇಲೆ ಚರೆಗಳು ಚದುರಿ ಬಲ ಕಳೆದುಕೊಳ್ಳುತ್ತವೆ. ಇದರ ಮೇಲೆ ದುರ್ಬೀನು ಕೂರಿಸಿದರೆ ದೂರದ್ದು ದೊಡ್ಡದಾಗಿ ಕಂಡೀತು, ಆದರೆ ಏಟು ಅಲ್ಲಿಗೆ ಮುಟ್ಟಲಾರದು. ಆದುದರಿಂದ ಈ ಕೋವಿಗಳಿಗೆ ದುರ್ಬೀನು ಬೇಡವೆಂದೇ ನಮ್ಮ ಸಲಹೆ. ತುದಿಯ ಮಣಿಯೇ ಸಾಕು.

ದುರ್ಬೀನಿಗೆ ಅರ್ಥ ಬರುವುದು ನಳಿಗೆಯೊಳಗೆ ಸುರುಳಿ ಗೀರುಗಳಿರುವ ರೈಫಲ್‌ಗೆ. ಆ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ನೆಟ್ಟಗೆ ಕಳುಹಿಸುತ್ತವೆ. ನಮ್ಮಲ್ಲಿ ಕಾಣಸಿಗುವವು .22 ರೈಫಲ್, ಸರ್ಕಾರಿ ಕಾರ್ಖಾನೆಯ .315 ರೈಫಲ್ ಮತ್ತು .177 ಗಾಳಿಕೋವಿ. ಹಳೆಯ .315 ರೈಫಲ್ ಮೇಲೆ ಸಾಮಾನ್ಯವಾಗಿ ದುರ್ಬೀನು ಕೂರಿಸುವ ಪಟ್ಟಿ ಇರುವುದಿಲ್ಲ. ಪರವಾನಗಿ ಉಳ್ಳ ಕೋವಿ ರಿಪೇರಿಯವರಿಂದಲೇ ಅದನ್ನು ಹಾಕಿಸಬೇಕು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ನಳಿಗೆಗೆ ಬಿಸಿ ತಾಗಿಸಿದರೆ ರೈಫಲ್ ಕೆಟ್ಟಿತು, ಪ್ರಾಣಕ್ಕೂ ಅಪಾಯ.

ಗಾಳಿಕೋವಿಯ ವಿಷಯದಲ್ಲಿ ಒಂದು ಎಚ್ಚರಿಕೆ ಇದೆ. ಸ್ಪ್ರಿಂಗಿನ ಗಾಳಿಕೋವಿ ಮೊದಲು ಹಿಂದಕ್ಕೆ ಒದೆಯುತ್ತದೆ; ಕೂಡಲೆ ಒಳಗಿನ ಪಿಸ್ಟನ್ ಮುಂದೆ ಬಡಿದು ಕೋವಿ ಮುಂದಕ್ಕೂ ಜಗ್ಗುತ್ತದೆ. ಸಾಮಾನ್ಯ ದುರ್ಬೀನುಗಳು ಹಿಂದಿನ ಒದೆತವನ್ನಷ್ಟೇ ತಾಳುವಂತೆ ಮಾಡಿದವು. ದೊಡ್ಡ ರೈಫಲ್ ಮೇಲೆ ವರ್ಷಗಟ್ಟಲೆ ಬಾಳಿದ ದುರ್ಬೀನು ಗಾಳಿಕೋವಿಯ ಮೇಲೆ ಬೇಗನೆ ಸಡಿಲಗೊಳ್ಳುವುದು ಈ ಕಾರಣದಿಂದ. “ಗಾಳಿಕೋವಿಗೆ ತಕ್ಕದ್ದು” ಎಂದು ಕಂಪನಿಯೇ ಬರೆದಿರುವುದನ್ನು ನೋಡಿ ಕೊಳ್ಳಿರಿ. ಅದು ಹಿಂದಕ್ಕೆ ಜಾರದಂತೆ ತಡೆಯುವ ಮೊಳೆ ಇರುವ ಹಿಡಿಕೆಯನ್ನೇ ಹಾಕಿಸಿರಿ.

ಅಂಕಿಗಳ ಅರ್ಥ

ದುರ್ಬೀನಿನ ಮೇಲೆ 4×32 ಎಂದು ಬರೆದಿದ್ದರೆ ವಸ್ತು ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮುಂದಿನ ಗಾಜಿನ ಅಗಲ 32 ಮಿಲಿಮೀಟರ್ ಎಂದರ್ಥ. 3-9×40 ಎಂದರೆ ಮೂರರಿಂದ ಒಂಬತ್ತು ಪಟ್ಟಿನವರೆಗೆ ಬದಲಾಯಿಸಬಹುದು, ಗಾಜು 40 ಮಿಲಿಮೀಟರ್.

ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ವೃತ್ತದ ಅಗಲ ಬರುತ್ತದೆ. 32ನ್ನು 4ರಿಂದ ಭಾಗಿಸಿದರೆ 8 ಮಿಲಿಮೀಟರ್; 40ನ್ನು 9ರಿಂದ ಭಾಗಿಸಿದರೆ ಸುಮಾರು ನಾಲ್ಕೂವರೆ ಮಿಲಿಮೀಟರ್. ಕತ್ತಲಲ್ಲಿ ತರುಣರ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರ್ ಅರಳುತ್ತದೆ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಹೀಗಾಗಿ ಮುಸ್ಸಂಜೆಯಲ್ಲಿ ಒಂಬತ್ತು ಪಟ್ಟಿಗಿಂತ ನಾಲ್ಕು ಪಟ್ಟಿನಲ್ಲಿಯೇ ನೋಟ ಬೆಳಕಾಗಿರುತ್ತದೆ.

ಪಟ್ಟು ಹೆಚ್ಚಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ. ನಾಲ್ಕು ಪಟ್ಟಿನ ದುರ್ಬೀನಿನಲ್ಲಿ 100 ಗಜ ದೂರದಲ್ಲಿ ಸುಮಾರು 30 ಅಡಿ ಅಗಲ ಕಾಣುತ್ತದೆ. ಅಂದರೆ 30 ಗಜದಲ್ಲಿ 9 ಅಡಿ. ನಮ್ಮ ಅಡಿಕೆ ಗಿಡಗಳ ನಡುವಿನ ಅಂತರ 9 ಅಡಿಯಲ್ಲವೆ? ಆ ಒಂದು ಅಂತರವಷ್ಟೇ ಕಂಡಂತಾಯಿತು. ಒಂಬತ್ತು ಪಟ್ಟಿನಲ್ಲಿ ಅದರ ಅರ್ಧವೂ ಕಾಣುವುದಿಲ್ಲ. ಪಕ್ಕದ ಸಾಲಿನಲ್ಲಿ ನೀರು ತಿರುಗಿಸುತ್ತಿರುವ ಆಳು ಆ ವೃತ್ತದ ಹೊರಗೇ ಉಳಿಯುತ್ತಾನೆ.

ನೆಲಕ್ಕೆ ತಕ್ಕ ದುರ್ಬೀನು

ಕಿತ್ತೂರಿನ ಪಡುವಣ ಭಾಗ ಮಲೆನಾಡಿನ ಸೆರಗು. ಮರ, ಪೊದೆ, ತೋಟದ ನೆರಳು. ದೃಷ್ಟಿ ಹರಿಯುವ ದೂರ ಕಡಿಮೆ. ಇಲ್ಲಿಗೆ, ಹಾಗೆಯೇ ಕಾಫಿ ತೋಟಗಳಿಗೆ, ಎರಡರಿಂದ ನಾಲ್ಕು ಪಟ್ಟು ಸಾಕು. ಒಳಗಿನ ಅಡ್ಡಗೆರೆಗಳು ಅಂಚಿನಲ್ಲಿ ದಪ್ಪವಾಗಿ, ನಡುವೆ ತೆಳ್ಳಗೆ ಇರಲಿ. ತೆಳ್ಳನೆಯ ಗೆರೆ ಮಾತ್ರ ಇದ್ದರೆ ನೆರಳಿನಲ್ಲಿ ಕರಗಿಹೋಗುತ್ತದೆ.

ಬೈಲಹೊಂಗಲದ ಎರೆಭೂಮಿ ಬಯಲು. ಕಣ್ಣು ಹರಿಯುವಷ್ಟು ದೂರ ಕಾಣುವುದರಿಂದ ದೊಡ್ಡ ಪಟ್ಟು ಬೇಕೆಂಬ ಆಸೆ ಹುಟ್ಟುತ್ತದೆ. ಆದರೆ ಬೇಸಗೆಯ ಮಧ್ಯಾಹ್ನ ಕಪ್ಪುಮಣ್ಣು ಕಾದು ಬಿಸಿಲುಗುದುರೆ ಕುಣಿಯುವಾಗ ದುರ್ಬೀನು ಅದನ್ನೂ ಒಂಬತ್ತು ಪಟ್ಟು ಮಾಡಿ ತೋರಿಸುತ್ತದೆ. ಗುರಿಹಲಗೆ ನೀರಿನಲ್ಲಿ ತೇಲಿದಂತೆ ಅಲುಗುತ್ತದೆ. ಅಭ್ಯಾಸ ಮಾಡುವವರು ಬೆಳಗಿನ ಹೊತ್ತನ್ನು ಆರಿಸಿಕೊಳ್ಳಬೇಕು, ಪಟ್ಟನ್ನು ಕಡಿಮೆ ಇಡಬೇಕು.

ಸವದತ್ತಿ, ರಾಮದುರ್ಗಗಳಲ್ಲಿ ಕಲ್ಲುಗುಡ್ಡಗಳೇ ಹೆಚ್ಚು. ಇಲ್ಲಿ ದುರ್ಬೀನಿಗಿಂತ ಮುಖ್ಯವಾದದ್ದು ಗುರಿಯ ಹಿಂದೆ ಏನಿದೆ ಎಂಬುದು. ಗುಂಡು ಬಂಡೆಗೆ ತಾಗಿ ಯಾವ ದಿಕ್ಕಿಗೂ ಚಿಮ್ಮಬಹುದು. ಪುಟ್ಟ .22 ಗುಂಡು ಕೂಡ ಒಂದೂವರೆ ಮೈಲಿಯವರೆಗೆ ಅಪಾಯಕಾರಿ ಎಂದು ತೋಟಾ ಪೆಟ್ಟಿಗೆಯ ಮೇಲೆಯೇ ಎಚ್ಚರಿಕೆ ಬರೆದಿರುತ್ತದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಜನ ಯಾವ ಯಾವ ದಾರಿಯಲ್ಲಿ ಬರುತ್ತಾರೆಂಬುದನ್ನು ಆ ಭಾಗದವರಿಗೆ ಹೇಳಬೇಕಿಲ್ಲ. ಗುರಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇಲ್ಲದಿದ್ದರೆ ಗುಂಡು ಹಾರಿಸಲೇಬಾರದು.

ಕಣ್ಣಿನ ಅಂತರ ಮತ್ತು ಗುರಿ ಕೂಡಿಸುವುದು

ಹಿಂದಿನ ಗಾಜಿಗೂ ಕಣ್ಣಿಗೂ ನಡುವೆ ಇರಬೇಕಾದ ಅಂತರ ಸಾಮಾನ್ಯವಾಗಿ ಮೂರರಿಂದ ನಾಲ್ಕು ಅಂಗುಲ. ಜೋರಾಗಿ ಒದೆಯುವ ರೈಫಲ್‌ಗೆ ಮೂರೂವರೆ ಅಂಗುಲಕ್ಕಿಂತ ಕಡಿಮೆ ಇರಬಾರದು. ಇಲ್ಲದಿದ್ದರೆ ದುರ್ಬೀನಿನ ಅಂಚು ಹುಬ್ಬನ್ನು ಸೀಳುತ್ತದೆ.

ಕಣ್ಣು ಸ್ವಲ್ಪ ಅತ್ತಿತ್ತ ಸರಿದಾಗ ಅಡ್ಡಗೆರೆಯೂ ಗುರಿಯ ಮೇಲೆ ಸರಿದಂತೆ ಕಾಣುವ ದೋಷವೊಂದಿದೆ. ಇದು ಯಾವ ದೂರದಲ್ಲಿ ಇಲ್ಲದಂತೆ ಹೊಂದಿಸಿದ್ದಾರೆ ಎಂಬುದನ್ನು ಕೇಳಿ ತಿಳಿಯಿರಿ. ದೊಡ್ಡ ರೈಫಲ್‌ನ ದುರ್ಬೀನುಗಳಿಗೆ ಸಾಮಾನ್ಯವಾಗಿ 100 ಗಜಕ್ಕೆ, .22ರವಕ್ಕೆ 50 ಗಜಕ್ಕೆ ಹೊಂದಿಸಿರುತ್ತಾರೆ. 10 ಮೀಟರಿನಲ್ಲಿ ಹೊಡೆಯುವ ಗಾಳಿಕೋವಿಗೆ ಮುಂದಿನ ಗಾಜನ್ನು ತಿರುಗಿಸಿ ಹೊಂದಿಸುವ ಬಗೆಯದೇ ಬೇಕು.

ದುರ್ಬೀನು ಕೂರಿಸಿದ ಮೇಲೆ ಗುರಿ ಕೂಡಿಸಬೇಕು. ಮೇಲೆ ಒಂದು, ಪಕ್ಕದಲ್ಲಿ ಒಂದು ತಿರುಪು ಇರುತ್ತದೆ. ಅನೇಕ ದುರ್ಬೀನುಗಳಲ್ಲಿ ಒಂದು ‘ಕ್ಲಿಕ್’ ತಿರುಗಿಸಿದರೆ 100 ಗಜದಲ್ಲಿ ಏಟು ಕಾಲು ಅಂಗುಲ ಸರಿಯುತ್ತದೆ. 25 ಗಜದಲ್ಲಿ ಅದು ಅಂಗುಲದ ಹದಿನಾರನೆಯ ಒಂದು ಪಾಲು ಮಾತ್ರ. ಆದುದರಿಂದ 25 ಗಜದಲ್ಲಿ ಏಟು ಒಂದು ಅಂಗುಲ ಎಡಕ್ಕೆ ಬಿದ್ದಿದ್ದರೆ ಬಲಕ್ಕೆ 16 ಕ್ಲಿಕ್ ತಿರುಗಿಸಬೇಕು. ಒಂದೇ ಏಟನ್ನು ನೋಡಿ ತಿರುಪಿಗೆ ಕೈಹಾಕಬಾರದು. ಮೂರು ಏಟು ಹೊಡೆದು ಅವುಗಳ ನಡುಮಧ್ಯವನ್ನು ಲೆಕ್ಕಕ್ಕೆ ಹಿಡಿಯಿರಿ. ಈ ಕೆಲಸ ರೈಫಲ್ ಕ್ಲಬ್ಬಿನ ಅಂಗಳದಲ್ಲಿ ಬಲ್ಲವರ ಎದುರು ನಡೆಯಲಿ; ಹೊಲದ ಬದುವಿನಲ್ಲಿ ಬೇಡ.

ಸ್ಪರ್ಧೆಗೆ ಹೋಗುವ ಮಕ್ಕಳಿಗೆ

ಮಕ್ಕಳಿಗೆಂದು ದುರ್ಬೀನಿಗೆ ಹಣ ಹಾಕುವ ಮೊದಲು ಸ್ಪರ್ಧೆಯ ನಿಯಮ ಕೇಳಿರಿ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಮತ್ತು 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ದುರ್ಬೀನಿಗೆ ಅವಕಾಶವಿಲ್ಲ. ಸಣ್ಣ ರಂಧ್ರದ ಮೂಲಕ ನೋಡಿ ಗುರಿ ಹಿಡಿಯಬೇಕು. 10 ಮೀಟರ್ ಸ್ಪರ್ಧೆಯ ಗುರಿಹಲಗೆಯ ನಡುಚುಕ್ಕೆ ಬರೀ ಅರ್ಧ ಮಿಲಿಮೀಟರ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನದ ಪದಕ ಗೆದ್ದದ್ದು ದುರ್ಬೀನಿಲ್ಲದ ಕೋವಿಯಿಂದಲೇ. ಉಸಿರು ಹಿಡಿಯುವುದು, ಕುದುರೆಯನ್ನು ಮೆಲ್ಲಗೆ ಒತ್ತುವುದು, ಅಲುಗದೆ ನಿಲ್ಲುವುದು ಇವನ್ನು ದುರ್ಬೀನಿಲ್ಲದೆಯೇ ಕಲಿಯಲಿ. ಉಳಿದ ಹಣ ಒಳ್ಳೆಯ ಶಿಕ್ಷಕರಿಗೆ, ಗುಂಡಿಗೆ ಆದೀತು.

ಜೋಪಾನ

ಮಳೆಗಾಲದಲ್ಲಿ ಒಳಗೆ ತೇವ ಸೇರಿದರೆ ಗಾಜು ಮಬ್ಬಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಒಳಗೆ ನೈಟ್ರೋಜನ್ ತುಂಬಿ ಮುಚ್ಚಿದ ದುರ್ಬೀನು ತೇವಕ್ಕೆ ತಡೆಯುತ್ತದೆ. ಅಡಿಕೆ ಒಣಗಿಸುವ ಅಟ್ಟದ ಹೊಗೆಯಲ್ಲಿ, ಗೊಬ್ಬರ-ಔಷಧಿ ಇಡುವ ಕೋಣೆಯಲ್ಲಿ ಇಡಬಾರದು. ಗಾಜನ್ನು ಪಂಚೆಯ ಚುಂಗಿನಿಂದ ಒರೆಸದೆ ಮೊದಲು ದೂಳು ಊದಿ, ಮೆತ್ತನೆಯ ಬಟ್ಟೆ ಬಳಸಿರಿ. ಹಿಡಿಕೆಯ ತಿರುಪುಗಳನ್ನು ಆಗಾಗ ಪರೀಕ್ಷಿಸಿರಿ. ದುಬಾರಿ ದುರ್ಬೀನು ಕೊಂಡು ಅಗ್ಗದ ಹಿಡಿಕೆ ಹಾಕಿಸುವುದು ಒಳ್ಳೆಯ ಎತ್ತಿಗೆ ಹರಕು ಹಗ್ಗ ಕಟ್ಟಿದಂತೆ.

ಕೊನೆಯ ಮಾತು

ಹಂದಿಯೆಂದು ಭಾವಿಸಿ ಹೊಡೆದ ಗುಂಡಿಗೆ ಮನುಷ್ಯರು ಬಲಿಯಾದ ಸುದ್ದಿಯನ್ನು ಮಲೆನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ. ಸತ್ತವನು ಹೆಚ್ಚಾಗಿ ಪರಕೀಯನಲ್ಲ. ಜೊತೆಗೆ ಹೋದ ಗೆಳೆಯ, ಪಕ್ಕದ ತೋಟದವನು. ಪೊದೆ ಅಲುಗಿತು, ಏನೆಂದು ನೋಡೋಣವೆಂದು ಕೋವಿಯ ದುರ್ಬೀನಿಗೆ ಕಣ್ಣಿಟ್ಟರೆ ಆ ಕ್ಷಣದಲ್ಲಿ ನಳಿಗೆಯೂ ಅತ್ತಲೇ ತಿರುಗಿತು ಎಂಬುದನ್ನು ಮರೆಯಬಾರದು. ನೋಡುವುದಕ್ಕೆ ಕೊರಳಿಗೆ ಹಾಕುವ ಜೋಡಿ ದುರ್ಬೀನು ಬೇರೆ ಇದೆ. 8×40 ಅಳತೆಯದು ತೋಟ ಕಾಯಲು ಬಹಳ ಅನುಕೂಲ. ಅದಕ್ಕೆ ಪರವಾನಗಿ ಬೇಡ, ಅದರಿಂದ ಯಾರೂ ಸಾಯುವುದಿಲ್ಲ. ಹಂದಿ ಯಾವ ಬದುವಿನಿಂದ ಬರುತ್ತದೆಂದು ಅದರಲ್ಲಿ ನೋಡಿಕೊಂಡು ಬೇಲಿ ಬಿಗಿ ಮಾಡಬಹುದು. ಹಾನಿಯ ಗುರುತುಗಳ ಚಿತ್ರ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಬಹುದು.

ಹೀಗಾಗಿ “ಯಾವ ದುರ್ಬೀನು ಕೊಳ್ಳಲಿ?” ಎಂದು ಕೇಳಿದ ಬಹುಪಾಲು ಸದಸ್ಯರಿಗೆ ನಮ್ಮ ಉತ್ತರ: ಮೊದಲು ಕೊರಳಿಗೆ ಹಾಕುವ ಜೋಡಿ ದುರ್ಬೀನು. ಪರವಾನಗಿಯುಳ್ಳ ರೈಫಲ್ ಇದ್ದು, ಕ್ಲಬ್ಬಿನಲ್ಲಿ ಅಭ್ಯಾಸ ಮಾಡುವವರು ಗಟ್ಟಿ ಹಿಡಿಕೆಯ ಸರಳವಾದ 4×32ರಿಂದ ಆರಂಭಿಸಲಿ. ಕತ್ತಲಲ್ಲಿ ಅಲುಗಿದ್ದು ಏನೆಂದು ತಿಳಿಯದಿದ್ದರೆ, ಕೋವಿ ಎಂಥದೇ ಇರಲಿ, ಅದು ಹೆಗಲಿನಿಂದ ಇಳಿಯದಿರಲಿ. ಒಂದು ಹಂಗಾಮಿನ ಬೆಳೆ ಹೋದರೆ ಮುಂದಿನ ಹಂಗಾಮಿಗೆ ಬಂದೀತು.